ಅಘನಾಶಿನಿ ಅಳಿವೆಯ ಉಬ್ಬರ ಲೆಕ್ಕ: ಹಂಚಿಕೆ ಮೆಮೊರಿ ಪಡುವಣ ಅಂಚಿನಲ್ಲಿ ಎಡವಿದ ಪ್ರಕರಣ

ಅಘನಾಶಿನಿ ಅಳಿವೆಯಲ್ಲಿ ನೀರು ಏರಿಳಿಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾದರಿ ಇದು. ನಿಮಿಷಗಳಲ್ಲಿ ಮುಗಿಯಬೇಕಾದ ಲೆಕ್ಕ ಗಂಟೆಗಟ್ಟಲೆ ಹಿಡಿಯುತ್ತಿದ್ದುದು ಯಾಕೆ ಎಂಬುದೇ ಇಲ್ಲಿನ ವಿಷಯ. ಪಡುವಣಕ್ಕೆ ತದಡಿಯ ಹೊರಗಿನ ಕಡಲು, ಮೂಡಣಕ್ಕೆ ಮಿರ್ಜಾನ್ ದಾಟಿ ಮೇಲೆ ಹೋಗುವ ಹೊಳೆ, ನಡುವೆ ಕಗ್ಗ ಎಂಬ ಭತ್ತ ಬೆಳೆಯುವ ಗಜನಿ, ಅಂದರೆ ಕಟ್ಟೆ ಕಟ್ಟಿದ ತಗ್ಗು ಗದ್ದೆ. ಶಿರಸಿ ಕಡೆಯ ಘಟ್ಟದಲ್ಲಿ ಮಳೆ ಜಡಿದು ಹೊಳೆ ಏರಿರುವಾಗಲೇ ಅಮಾವಾಸ್ಯೆಯ ಉಬ್ಬರವೂ ಬಂದರೆ ಯಾವ ಗಜನಿ ಕಟ್ಟೆಯ ಮೇಲೆ ನೀರು ಹತ್ತುತ್ತದೆ, ಕಟ್ಟೆಯ ಬಾಗಿಲನ್ನು ಎಷ್ಟು ಹೊತ್ತಿಗೆ ಮುಚ್ಚಬೇಕು, ಮತ್ತೆ ಯಾವಾಗ ತೆಗೆದರೆ ಒಳಗಿನ ನೀರು ಇಳಿದುಹೋಗುತ್ತದೆ ಎಂಬುದು ತಿಳಿಯಬೇಕು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಕಾಳಿ, ಶರಾವತಿಗಳಂತೆ ಮೇಲೆ ಗೇಟು ತೆಗೆದ ಹೊತ್ತನ್ನು ಲೆಕ್ಕಕ್ಕೆ ಸೇರಿಸುವ ಗೋಜಿಲ್ಲ. ಇರುವುದು ಮಳೆ, ಕಡಲು ಎರಡೇ.

ಪೂರ್ವ-ಪಶ್ಚಿಮ 15 ಕಿ.ಮೀ., ಉತ್ತರ-ದಕ್ಷಿಣ 10 ಕಿ.ಮೀ. ಜಾಗ. 5 ಮೀಟರಿನ ಚೌಕಗಳಾಗಿ ಒಡೆದರೆ 3000 ಕಾಲಂ, 2000 ಸಾಲು, ಒಟ್ಟು 60 ಲಕ್ಷ ಚೌಕ. ಪ್ರತಿ ಚೌಕಕ್ಕೂ ನೀರಿನ ಆಳ, ಎರಡು ದಿಕ್ಕಿನ ಹರಿವು, ತಳದ ಎತ್ತರ, ತಳದ ಒರಟುತನ ಬೇಕು. ಆಳ ಮತ್ತು ಹರಿವುಗಳಿಗೆ ಹಳೆಯದೊಂದು ಹೊಸದೊಂದು ಪ್ರತಿ ಇಡಬೇಕಾದ್ದರಿಂದ ಒಟ್ಟು ಎಂಟು ಅರೇ (ಸಂಖ್ಯೆಗಳ ಉದ್ದ ಪಟ್ಟಿ). ಒಂದು ಸಂಖ್ಯೆಗೆ 4 ಬೈಟು, ಒಂದು ಅರೇಗೆ 24 ಎಂಬಿ, ಎಂಟಕ್ಕೆ 192 ಎಂಬಿ. ಯಂತ್ರ ಲಿನಕ್ಸ್ ಇರುವ ಸಾಧಾರಣ ಡೆಸ್ಕ್‌ಟಾಪ್. ಅದರಲ್ಲಿ 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡು, ಅಂದರೆ ಒಂದೇ ಲೆಕ್ಕವನ್ನು ಸಾವಿರಾರು ಚೌಕಕ್ಕೆ ಒಟ್ಟಿಗೆ ಮಾಡುವ ಜಿಪಿಯು ಮತ್ತು ಅದರ ಸ್ವಂತ ಮೆಮೊರಿ. ಜಾಗದ ಕೊರತೆ ಇಲ್ಲವೇ ಇಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ: ಮೆಮೊರಿ ತೊಂದರೆ ಎಂದ ಕೂಡಲೇ ಎಲ್ಲರ ಬೆರಳೂ ಕಾರ್ಡಿನ ಗಾತ್ರದ ಕಡೆಗೇ ಹೋಗುತ್ತದೆ.

ಕಾಲದ ಹೆಜ್ಜೆ ಎಷ್ಟಿರಬೇಕೆಂಬುದನ್ನು ಆಳ ಹೇಳುತ್ತದೆ. ಕಡಲಿನ ಅಂಚಿನಲ್ಲಿ 12 ಮೀಟರ್ ಆಳ ಹಿಡಿದರೆ ಅಲೆಯ ವೇಗ ಸೆಕೆಂಡಿಗೆ ಸುಮಾರು 10.8 ಮೀಟರ್. ಅದಕ್ಕೆ ಹರಿವಿನ 2 ಮೀಟರ್ ಸೇರಿಸಿ, ಒಂದು ಹೆಜ್ಜೆಯಲ್ಲಿ ಅಲೆ ಅರ್ಧ ಚೌಕಕ್ಕಿಂತ ಹೆಚ್ಚು ದಾಟಬಾರದು ಎಂದಿಟ್ಟರೆ ಹೆಜ್ಜೆ 0.2 ಸೆಕೆಂಡಿನ ಹತ್ತಿರ ನಿಲ್ಲುತ್ತದೆ. ಒಂದು ದಿನಕ್ಕೆ 4,32,000 ಹೆಜ್ಜೆ. ಇಷ್ಟು ಸಲ ಸುತ್ತುವ ಲೂಪಿನೊಳಗೆ ಒಂದು ಮಿಲಿಸೆಕೆಂಡು ಸೋರಿದರೆ ಕೊನೆಯಲ್ಲಿ ಏಳು ನಿಮಿಷ ಹೋಗಿರುತ್ತದೆ.

ಇಲ್ಲಿ ಕೊಟ್ಟ ಕಾಲದ ಅಂಕಿಗಳು ಕಾರ್ಡಿನ ಬ್ಯಾಂಡ್‌ವಿಡ್ತ್, ಸಿಪಿಯುವನ್ನೂ ಕಾರ್ಡನ್ನೂ ಜೋಡಿಸುವ ದಾರಿಯಾದ ಬಸ್ಸಿನ ವೇಗ, ಗ್ರಿಡ್ಡಿನ ಗಾತ್ರ ಇವುಗಳಿಂದ ಕಟ್ಟಿದ ಲೆಕ್ಕ, ಓಡಿಸಿ ಅಳೆದವಲ್ಲ. ಯಂತ್ರ ಬದಲಾದರೆ ಅಂಕಿ ಬದಲಾಗುತ್ತದೆ, ಪ್ರಮಾಣ ಅಷ್ಟಾಗಿ ಬದಲಾಗುವುದಿಲ್ಲ.

ಸಿಗಬೇಕಾದ ವೇಗ, ಸಿಕ್ಕ ವೇಗ

ಒಂದು ಹೆಜ್ಜೆಗೆ ಜಿಪಿಯು ಐದು ಅರೇ ಓದಿ ಮೂರನ್ನು ಬರೆಯುತ್ತದೆ: 192 ಎಂಬಿ ಓಡಾಟ. ಈ ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 360 ಜಿಬಿ. ಅಂದರೆ ಹೆಜ್ಜೆಗೆ ಕನಿಷ್ಠ 0.53 ಮಿಲಿಸೆಕೆಂಡು, ದಿನದ ಲೆಕ್ಕಕ್ಕೆ 230 ಸೆಕೆಂಡು. ಪೂರ್ತಿ ವೇಗ ಯಾರಿಗೂ ಸಿಗುವುದಿಲ್ಲ. ಅದರ ಮೂರರಲ್ಲಿ ಎರಡು ಪಾಲು ಸಿಕ್ಕರೆ ಸುಮಾರು ಆರು ನಿಮಿಷದಲ್ಲಿ ಮುಗಿಯಬೇಕು.

ಗಂಟೆಗಟ್ಟಲೆ ಹಿಡಿಯುತ್ತಿದೆ ಎಂಬುದೇ ದೂರು.

ಪ್ರೋಗ್ರಾಂ ಮೊದಲು ಸಿಪಿಯುಗೆಂದೇ ಬರೆದದ್ದು. ಅದನ್ನು ಜಿಪಿಯುಗೆ ತಂದದ್ದು ಎಲ್ಲರೂ ಹಿಡಿಯುವ ಹಾದಿಯಲ್ಲೇ: ಮೆಮೊರಿ ಪಡೆಯುವ ಮ್ಯಾಲಾಕ್ ಇದ್ದ ಕಡೆ ಕುಡಾ (ಈ ಕಾರ್ಡಿಗೆ ಪ್ರೋಗ್ರಾಂ ಬರೆಯುವ ಸಲಕರಣೆ) ಕೊಡುವ ಕುಡಾ ಮ್ಯಾಲಾಕ್ ಮ್ಯಾನೇಜ್ಡ್, ಮೆಮೊರಿ ಮರಳಿಸುವ ಫ್ರೀ ಇದ್ದ ಕಡೆ ಕುಡಾ ಫ್ರೀ, ದೊಡ್ಡ ಲೂಪ್ ತೆಗೆದು ಕರ್ನೆಲ್ (ಜಿಪಿಯು ಮೇಲೆ ಓಡುವ ಫಂಕ್ಷನ್). ಒಂದೇ ಪಾಯಿಂಟರ್ (ಮೆಮೊರಿಯ ವಿಳಾಸ), ಸಿಪಿಯು ಜಿಪಿಯು ಎರಡೂ ಕಡೆಯಿಂದ ಕೈಗೆ ಸಿಗುತ್ತದೆ, ಕಾಪಿ ಮಾಡುವ ಸಾಲುಗಳೇ ಬೇಡ. ಉತ್ತರವೂ ಹಳೆಯ ಪ್ರೋಗ್ರಾಂಗೆ ಹೆಚ್ಚುಕಮ್ಮಿ ಹೊಂದುತ್ತದೆ. ಇಲ್ಲಿಗೆ ಕೆಲಸ ಆಯಿತು ಅನ್ನಿಸುವುದು ಸಹಜ.

ಎನ್‌ವಿಡಿಯಾ ಎಸ್ಎಂಐ ಎಂಬ ಕಾರ್ಡಿನ ಸ್ಥಿತಿ ತೋರಿಸುವ ಆಜ್ಞೆ ಹಾಕಿ ನೋಡಿದರೆ ಜಿಪಿಯು ಬಳಕೆ ಶೇಕಡಾ ತೊಂಬತ್ತರ ಮೇಲೆ ಕಾಣಬಹುದು. ಅದನ್ನು ನಂಬಬೇಡಿ. ಆ ಅಂಕಿ ಹೇಳುವುದು ಯಾವುದೋ ಒಂದು ಕರ್ನೆಲ್ ಕಾರ್ಡಿನ ಮೇಲೆ ಎಷ್ಟು ಹೊತ್ತು ಇತ್ತು ಎಂಬುದನ್ನು ಮಾತ್ರ. ಪೇಜ್ (ಮೆಮೊರಿಯ ಒಂದು ತುಂಡು) ಬರಲೆಂದು ಕಾಯುತ್ತ ಕೂತ ಕರ್ನೆಲ್ಲೂ ಅದರ ಲೆಕ್ಕದಲ್ಲಿ ದುಡಿಯುತ್ತಿರುವ ಕರ್ನೆಲ್ಲೇ. ಪಕ್ಕದ ವ್ಯಾಟ್ ಕಾಲಂ ನೋಡಬೇಕು. 170 ವ್ಯಾಟ್ ಎಳೆಯಬಲ್ಲ ಕಾರ್ಡು ಬಳಕೆ ತೊಂಬತ್ತು ಎನ್ನುತ್ತಲೇ ಫ್ಯಾನಿನ ಸದ್ದಿಲ್ಲದೆ ತಣ್ಣಗೆ ಕೂತಿದ್ದರೆ ಅದು ದುಡಿಯುತ್ತಿಲ್ಲ, ಕಾಯುತ್ತಿದೆ.

ಪಡುವಣದ ಕಾಲಂ

ಲೂಪಿನೊಳಗೆ ಸಿಪಿಯುಗೆ ಉಳಿದಿದ್ದ ಕೆಲಸ ಪುಟ್ಟದು. ಪ್ರತಿ ಹೆಜ್ಜೆಗೂ ಕಡಲಿನ ಅಂಚಿನಲ್ಲಿ ಉಬ್ಬರದ ಮಟ್ಟ ಬರೆಯುವುದು:

ಸಾಲು 0 ರಿಂದ 1999 ರವರೆಗೆ:
    ಆಳ[ಸಾಲು × 3000] = ಉಬ್ಬರ(ಕಾಲ) − ತಳ[ಸಾಲು × 3000]

ಎರಡು ಸಾವಿರ ಸಂಖ್ಯೆ, 8,000 ಬೈಟು. ಇದಕ್ಕಾಗಿ ಬೇರೆ ಕರ್ನೆಲ್ ಯಾಕೆ ಎಂದು ಸಿಪಿಯುನಲ್ಲೇ ಬಿಟ್ಟಿದ್ದರು. ರೋಗದ ಬೇರು ಇರುವುದು ಇಲ್ಲೇ. ಈ ಕರಾವಳಿಯ ಭೂಗೋಳಕ್ಕೂ ಅದರಲ್ಲಿ ಪಾಲಿದೆ.

ಮ್ಯಾನೇಜ್ಡ್ ಮೆಮೊರಿಯಲ್ಲಿ ಹಂಚಿಕೆಯಾಗುವುದು ಪೇಜ್ ಲೆಕ್ಕದಲ್ಲಿ. ಒಂದೊಂದು ಸಂಖ್ಯೆ ಬೇರೆ ಬೇರೆಯಾಗಿ ಓಡಾಡುವುದಿಲ್ಲ. ಸಾಧಾರಣ ಪಿಸಿಯಲ್ಲಿ ಲಿನಕ್ಸಿನ ಪೇಜ್ 4 ಕೆಬಿ, ಅಂದರೆ 4096 ಬೈಟು. ಯಾವ ಪೇಜ್ ಆದರೂ ಒಂದು ಹೊತ್ತಿಗೆ ಒಂದು ಕಡೆ ಇರುತ್ತದೆ: ಸಿಪಿಯುನ ರ‍್ಯಾಮಿನಲ್ಲಿ, ಇಲ್ಲವೇ ಕಾರ್ಡಿನಲ್ಲಿ. ಇಲ್ಲದ ಕಡೆಯವರು ಮುಟ್ಟಿದರೆ ಪೇಜ್ ಫಾಲ್ಟ್. ಆಗ ಡ್ರೈವರ್ ಎದ್ದು ಬಂದು, ಅತ್ತ ಕಡೆಯ ಪೇಜ್ ಟೇಬಲಿನಿಂದ (ಯಾವ ಪೇಜ್ ಎಲ್ಲಿದೆ ಎಂಬ ಪಟ್ಟಿ) ಆ ಪೇಜನ್ನು ಕಿತ್ತು, ಬಸ್ ದಾಟಿಸಿ, ಇತ್ತ ಕಡೆಯ ಟೇಬಲಿಗೆ ಬರೆದು, ಮತ್ತೆ ಮುಟ್ಟಲು ಬಿಡುತ್ತದೆ. ತದಡಿಯಿಂದ ಅಘನಾಶಿನಿ ದಡಕ್ಕೆ ಒಂದು ತೆಂಗಿನಕಾಯಿ ಕಳಿಸಲು ತಾರಿ ದೋಣಿಯನ್ನೇ ಬಿಟ್ಟಂತೆ. ದೋಣಿ ಆಚೆ ದಡದಲ್ಲಿದ್ದರೆ ಮೊದಲು ಅದನ್ನು ಕರೆಸಬೇಕು.

ಈಗ ಅಂಚಿನ ವಿಳಾಸಗಳನ್ನು ನೋಡಿ. ಅರೇಯಲ್ಲಿ ಒಂದು ಸಾಲು ಮುಗಿದ ಮೇಲೆ ಮುಂದಿನ ಸಾಲು. ಸಾಲಿಗೆ 3000 ಸಂಖ್ಯೆ, 12,000 ಬೈಟು. ಪಡುವಣದ ಚೌಕಗಳು ಕೂತಿರುವುದು ಬೈಟು 0, 12,000, 24,000, 36,000, 48,000 ಹೀಗೆ. 4096 ರಿಂದ ಭಾಗಿಸಿದರೆ ಪೇಜ್ 0, 2, 5, 8, 11. ಯಾವ ಎರಡು ಚೌಕವೂ ಒಂದೇ ಪೇಜಿನಲ್ಲಿಲ್ಲ. 8,000 ಬೈಟು ಬರೆಯಲು 2000 ಪೇಜ್, 8 ಎಂಬಿಗಿಂತ ಹೆಚ್ಚು ಸರಕು. ಆಳದ ಅರೇಯ ಪೇಜುಗಳಲ್ಲಿ ಮೂರರಲ್ಲಿ ಒಂದು ಪ್ರತಿ ಹೆಜ್ಜೆಗೂ ಸಿಪಿಯು ಕಡೆಗೆ ಬಂದು, ಕರ್ನೆಲ್ ಶುರುವಾದ ಕೂಡಲೇ ವಾಪಸ್ ಹೋಗುತ್ತದೆ. ಡ್ರೈವರ್ ಅಂದಾಜಿನ ಮೇಲೆ ಅಕ್ಕಪಕ್ಕದ ಪೇಜುಗಳನ್ನೂ ಒಟ್ಟಿಗೆ ಎಳೆಯುವುದುಂಟು. 64 ಕೆಬಿ ತುಂಡಿನ ಲೆಕ್ಕ ಹಿಡಿದರೆ ಒಂದು ತುಂಡಿನಲ್ಲಿ ಐದೂವರೆ ಸಾಲು ಹಿಡಿಸುತ್ತದೆ. ಅರೇಯಲ್ಲಿರುವ 367 ತುಂಡುಗಳಲ್ಲಿ ಪಡುವಣದ ಚೌಕ ಇಲ್ಲದ ತುಂಡೇ ಇಲ್ಲ. ಹಾಗಾದಾಗ ಫಾಲ್ಟಿನ ಎಣಿಕೆ ಇಳಿಯುತ್ತದೆ, ಸರಕು ಮಾತ್ರ 24 ಎಂಬಿಗೆ ಏರುತ್ತದೆ. ಅತ್ತ ದರಿ, ಇತ್ತ ಪುಲಿ.

ಕಡಲು ಪಡುವಣದ ಬದಲು ತೆಂಕಣಕ್ಕಿದ್ದಿದ್ದರೆ? ಅಂಚು ಒಂದು ಕಾಲಂ ಆಗದೆ ಒಂದು ಸಾಲಾಗುತ್ತಿತ್ತು. 3000 ಸಂಖ್ಯೆ ಒತ್ತಾಗಿ 12,000 ಬೈಟಿನಲ್ಲಿ, ಮೂರು ನಾಲ್ಕು ಪೇಜಿನಲ್ಲಿ ಮುಗಿಯುತ್ತಿತ್ತು. ಅದೇ ಪ್ರೋಗ್ರಾಂ, ಅದೇ ಕಾರ್ಡು. ತೊಂದರೆ ಇದ್ದರೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಯಾವ ಅಳಿವೆಯ ಮಾದರಿ ಮಾಡಿದರೂ ಕಡಲು ಎಡಗಡೆಯ ಕಾಲಂ ಆಗಿಯೇ ಬರುತ್ತದೆ.

ಕಾಲದ ಲೆಕ್ಕ ಹೀಗೆ. ಒಂದು ಸಿಪಿಯು ಫಾಲ್ಟಿಗೆ 10 ಮೈಕ್ರೋಸೆಕೆಂಡು ಎಂದು ಧಾರಾಳವಾಗಿಯೇ ಹಿಡಿದರೂ 2000 ಫಾಲ್ಟಿಗೆ 20 ಮಿಲಿಸೆಕೆಂಡು. 4,32,000 ಹೆಜ್ಜೆಗೆ 8,640 ಸೆಕೆಂಡು, ಅಂದರೆ 2 ಗಂಟೆ 24 ನಿಮಿಷ. ಇದು ಒಂದು ಕಡೆಯ ದಾರಿ ಮಾತ್ರ. ವಾಪಸ್ ಹೋಗುವಾಗ ಫಾಲ್ಟ್ ಎತ್ತುವುದು ಜಿಪಿಯು. ಪೇಜಿಗಾಗಿ ಕಾದ ವಾರ್ಪುಗಳು (ಜಿಪಿಯುನಲ್ಲಿ ಒಟ್ಟಿಗೆ ಸಾಗುವ ಥ್ರೆಡ್ಡುಗಳ ಗುಂಪುಗಳು) ಅಲ್ಲೇ ನಿಲ್ಲುತ್ತವೆ; ಡ್ರೈವರ್ ಫಾಲ್ಟುಗಳನ್ನು ಕಂತು ಕಂತಾಗಿ ತೆಗೆದು ಬಗೆಹರಿಸುತ್ತದೆ, ಕಂತಿಗೆ ಹತ್ತಾರು ಮೈಕ್ರೋಸೆಕೆಂಡು. ಲೆಕ್ಕ ಮಾಡುವ ಕೆಲಸ ಅರ್ಧ ಮಿಲಿಸೆಕೆಂಡಿನದು, ದೋಣಿ ದಾಟಿಸುವ ಕೆಲಸ ಅದರ ನಲವತ್ತು ಪಟ್ಟು.

ಮೇಲಿನ ಎರಡು ಸಾಲಿನ ಲೂಪಿನಲ್ಲಿ ಇನ್ನೊಂದು ಕಳ್ಳ ಕೂತಿದ್ದಾನೆ: ಬಲಗಡೆಯ ತಳ. ಅದನ್ನು ಬರೀ ಓದುತ್ತಿದ್ದೇವೆ, ಆದರೂ ಪೇಜ್ ಹೊರಡುತ್ತದೆ. ಏನೂ ಹೇಳದೆ ಬಿಟ್ಟರೆ ಡ್ರೈವರ್ ಓದುವವನಿಗೂ ಪೇಜನ್ನೇ ಕಳಿಸಿಕೊಡುತ್ತದೆ.

ಇದನ್ನು ಊಹಿಸಿ ಕೂರಬೇಕಿಲ್ಲ. ಪ್ರೋಗ್ರಾಂ ಎಲ್ಲಿ ಕಾಲ ಕಳೆಯುತ್ತದೆಂದು ತೋರಿಸುವ ಎನ್‌ಸೈಟ್ ಸಿಸ್ಟಮ್ಸ್‌ನಲ್ಲಿ ಯೂನಿಫೈಡ್ ಮೆಮೊರಿಯ (ಮ್ಯಾನೇಜ್ಡ್ ಮೆಮೊರಿಯ ಇನ್ನೊಂದು ಹೆಸರು) ಸಿಪಿಯು ಫಾಲ್ಟ್, ಜಿಪಿಯು ಫಾಲ್ಟ್ ಎರಡನ್ನೂ ಹಿಡಿಯುವ ಆಯ್ಕೆಗಳಿವೆ. ಮೊದಲಿನಿಂದ ಆನ್ ಇರುವುದಿಲ್ಲ, ನಾವೇ ಹಾಕಬೇಕು. ಇಡೀ ದಿನದ ಓಟಕ್ಕೆ ಹಾಕಿದರೆ ರಿಪೋರ್ಟ್ ಫೈಲ್ ಬಿಚ್ಚಲಾಗದಷ್ಟು ದಪ್ಪವಾಗುತ್ತದೆ. ಇನ್ನೂರು ಹೆಜ್ಜೆ ಸಾಕು. ಕರ್ನೆಲ್ಲಿನ ಪಟ್ಟಿಗಳ ನಡುವೆ ಮೇಲಕ್ಕೊಂದು ಕೆಳಕ್ಕೊಂದು ವರ್ಗಾವಣೆಯ ಪಟ್ಟಿ ಒಂದೇ ಅಂತರದಲ್ಲಿ ಬರುತ್ತಿದ್ದರೆ ಸಾಕ್ಷಿ ಸಿಕ್ಕಿತು.

ವೇಗದ ಹಿಂದೆ ಅಡಗಿದ್ದ ತಪ್ಪು

ನಿಧಾನಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕರ್ನೆಲ್ ಕರೆದ ಕೂಡಲೇ ಸಿಪಿಯು ಮುಂದಿನ ಸಾಲಿಗೆ ಹೋಗುತ್ತದೆ, ಕರ್ನೆಲ್ ಮುಗಿಯಲೆಂದು ಕಾಯುವುದಿಲ್ಲ. ಈ ಪ್ರೋಗ್ರಾಂನಲ್ಲಿ ಅಂಚು ಬರೆಯುವ ಲೂಪಿನ ಮುಂಚೆ ಕಾರ್ಡಿನ ಕೆಲಸ ಮುಗಿಯುವವರೆಗೆ ಸಿಪಿಯುವನ್ನು ಕಾಯಿಸುವ ಕುಡಾ ಡಿವೈಸ್ ಸಿಂಕ್ರೊನೈಸ್ ಇರಲಿಲ್ಲ. ಹಿಂದಿನ ಹೆಜ್ಜೆ ಇನ್ನೂ ಓಡುತ್ತಿರುವಾಗಲೇ ಸಿಪಿಯು ಮುಂದಿನ ಉಬ್ಬರವನ್ನು ಬರೆಯತೊಡಗುತ್ತದೆ. ಪೇಜ್ ಫಾಲ್ಟ್ ವ್ಯವಸ್ಥೆ ಒಂದು ಪೇಜಿನ ಎರಡು ಪ್ರತಿ ಬೇರೆಬೇರೆಯಾಗದಂತೆ ಕಾಯುತ್ತದೆ. ಯಾರು ಮೊದಲು ಬರೆಯಬೇಕು, ಯಾರು ಆಮೇಲೆ ಓದಬೇಕು ಎಂಬ ಸರದಿಯನ್ನು ಅದು ಕಾಯುವುದಿಲ್ಲ. ಕೆಲವು ಸಾಲಿಗೆ ಈ ಹೆಜ್ಜೆಯ ಉಬ್ಬರ, ಕೆಲವಕ್ಕೆ ಮುಂದಿನದು.

ಇಷ್ಟು ದಿನ ಯಾರಿಗೂ ಕಾಣಲಿಲ್ಲವೇಕೆ? ಈ ಕರಾವಳಿಯ ದೊಡ್ಡ ಉಬ್ಬರ-ಇಳಿತದ ಅಂತರ ಸುಮಾರು 2 ಮೀಟರ್ ಎಂದು ಹಿಡಿಯಿರಿ. ಒಂದು ಉಬ್ಬರದಿಂದ ಮುಂದಿನದಕ್ಕೆ 12 ಗಂಟೆ 25 ನಿಮಿಷ. ನೀರು ಅತಿ ವೇಗವಾಗಿ ಏರುವಾಗಲೂ 0.2 ಸೆಕೆಂಡಿನಲ್ಲಿ ಆಗುವ ಬದಲಾವಣೆ 0.03 ಮಿಲಿಮೀಟರಿಗಿಂತ ಕಡಿಮೆ. ಒಂದು ಹೆಜ್ಜೆ ಹಿಂದೆಮುಂದೆ ಆದರೆ ನಕ್ಷೆಯಲ್ಲಿ ಏನೂ ತಿಳಿಯದು. ಗಜನಿ ಬಾಗಿಲಿನ ವಿಷಯ ಹಾಗಲ್ಲ. ಬಾಗಿಲು ತೆರೆದಿದೆ ಇಲ್ಲವೇ ಮುಚ್ಚಿದೆ, ನಡುವೆ ಇನ್ನೊಂದಿಲ್ಲ. ಹೊರಗಿನ ಮಟ್ಟ ಒಳಗಿನದಕ್ಕಿಂತ ಕೆಳಗಿದ್ದರೆ ತೆರೆ ಎನ್ನುವ ತೀರ್ಮಾನ ಅರ್ಧ ಹಳೆಯ ಅರ್ಧ ಹೊಸ ಸಂಖ್ಯೆ ಓದಿ ಆದರೆ, ಅದೇ ಲೆಕ್ಕ ಎರಡು ಸಲ ಓಡಿಸಿದಾಗ ಒಂದು ಸಲ ಬಾಗಿಲು ತೆರೆಯುತ್ತದೆ, ಇನ್ನೊಂದು ಸಲ ಇಲ್ಲ.

ಇದಕ್ಕೆ ಅಗ್ಗದ ಪರೀಕ್ಷೆಯೊಂದಿದೆ. ಈ ಲೆಕ್ಕದಲ್ಲಿ ಅಟಾಮಿಕ್ ಕೂಡಿಕೆ (ಹಲವು ಥ್ರೆಡ್ಡುಗಳು ಸಿಕ್ಕ ಕ್ರಮದಲ್ಲಿ ಒಂದೇ ಜಾಗಕ್ಕೆ ಕೂಡುವುದು) ಇಲ್ಲ. ಪ್ರತಿ ಚೌಕದ ಸಂಖ್ಯೆಗಳು ಒಂದೇ ಕ್ರಮದಲ್ಲಿ ಕೂಡುತ್ತವೆ. ಆದ್ದರಿಂದ ಅದೇ ಯಂತ್ರದಲ್ಲಿ ಅದೇ ಪ್ರೋಗ್ರಾಂ ಎರಡು ಸಲ ಓಡಿದರೆ ಉತ್ತರ ಬೈಟಿಗೆ ಬೈಟು ಒಂದೇ ಇರಬೇಕು. ಎರಡು ಔಟ್‌ಪುಟ್ ಫೈಲಿಗೆ ಬೈಟಿಗೆ ಬೈಟು ಹೋಲಿಸುವ ಸಿಎಂಪಿ ಆಜ್ಞೆ ಹಾಕಿ. ಒಂದು ಬೈಟು ಬೇರೆಯಾದರೂ ಎಲ್ಲೋ ಸರದಿ ತಪ್ಪಿದೆ. ದಶಮಾಂಶದ ಕೊನೆಯ ಅಂಕಿ ತಾನೇ ಎಂದು ತಳ್ಳಿಹಾಕಬೇಡಿ.

ತಿದ್ದಿದ ಬಗೆ

ಇಂಥ ಹೊತ್ತಿನಲ್ಲಿ ಮೊದಲು ಕೈ ಹೋಗುವುದು ಪ್ರಿಫೆಚ್ ಕಡೆಗೆ, ಅಂದರೆ ಪೇಜುಗಳನ್ನು ಬೇಕಾಗುವ ಮೊದಲೇ ಸಾಗಿಸಿಡುವ ಕಡೆಗೆ. ಅಂಚು ಬರೆಯುವ ಮೊದಲು ಅರೇಯನ್ನು ಸಿಪಿಯುಗೆ, ಬರೆದ ಮೇಲೆ ಜಿಪಿಯುಗೆ ಕುಡಾ ಮೆಮ್ ಪ್ರಿಫೆಚ್ ಅಸಿಂಕ್ ಮಾಡಿದರೆ ಫಾಲ್ಟುಗಳು ಮಾಯ. ಆದರೆ 24 ಎಂಬಿ ಸೆಕೆಂಡಿಗೆ 12 ಜಿಬಿಯ ವೇಗದಲ್ಲಿ ಬಸ್ ದಾಟಲು 2 ಮಿಲಿಸೆಕೆಂಡು, ಹೋಗಿಬರಲು 4. ಅರ್ಧ ಮಿಲಿಸೆಕೆಂಡಿನ ಲೆಕ್ಕಕ್ಕೆ ನಾಲ್ಕು ಮಿಲಿಸೆಕೆಂಡಿನ ಸಾಗಾಟ. ಫಾಲ್ಟಿನ ಎದುರು ಇದು ವಾಸಿಯಾಗಿ ಕಾಣುವುದರಿಂದ ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು.

ರೀಡ್ ಮೋಸ್ಟ್ಲಿ ಸೂಚನೆಯನ್ನೂ ಸಾಮಾನ್ಯವಾಗಿ ತಪ್ಪು ಅರೇಗೆ ಹಚ್ಚುತ್ತಾರೆ. ಕುಡಾ ಮೆಮ್ ಅಡ್ವೈಸ್ ಮೂಲಕ ಈ ಸೂಚನೆ ಕೊಟ್ಟರೆ ಪೇಜಿನ ಪ್ರತಿ ಎರಡೂ ಕಡೆ ಇರುತ್ತದೆ, ಓದಲು ಯಾರೂ ಕಾಯಬೇಕಿಲ್ಲ. ತಳ, ಒರಟುತನ ಈ ಎರಡಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ. ಆಳಕ್ಕೆ ಕೊಟ್ಟರೆ ಕೆಡುತ್ತದೆ: ಜಿಪಿಯು ಪ್ರತಿ ಹೆಜ್ಜೆಗೂ ಅದನ್ನು ಬರೆಯುತ್ತದೆ, ಬರೆದಾಗಲೆಲ್ಲ ಇನ್ನೊಂದು ಕಡೆಯ ಪ್ರತಿಯನ್ನು ರದ್ದು ಮಾಡುವ ಕೆಲಸ ಹೆಚ್ಚಾಗುತ್ತದೆ.

ಅಂಚಿಗೆ ಸರಿಯಾದ ಮದ್ದು ಹಂಚಿಕೆಯನ್ನೇ ತೆಗೆಯುವುದು. 10 ಕಿ.ಮೀ. ಅಂಚಿನುದ್ದಕ್ಕೂ ಉಬ್ಬರದ ಮಟ್ಟ ಒಂದೇ ಎಂದು ಮಾದರಿಯೇ ಹಿಡಿದಿದೆ. ಹಾಗಿದ್ದ ಮೇಲೆ ಹೆಜ್ಜೆಗೆ ದಾಟಬೇಕಾದದ್ದು ಒಂದೇ ಸಂಖ್ಯೆ, 4 ಬೈಟು. ಅದನ್ನು ಕರ್ನೆಲ್ಲಿನ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಸಾಕು. ಕರ್ನೆಲ್ ಕರೆಯೊಂದಿಗೇ ಅದು ಕಾರ್ಡಿಗೆ ಹೋಗುತ್ತದೆ. ಪೇಜ್ ಇಲ್ಲ, ಫಾಲ್ಟ್ ಇಲ್ಲ, ಕಾಯುವುದೂ ಇಲ್ಲ, ಸರದಿಯೂ ತಾನಾಗಿ ಸರಿಯಾಗುತ್ತದೆ. ಮೂಡಣದಲ್ಲಿ ಹೊಳೆ ಬರುವ ಕಡೆಯೂ ಹೀಗೇ, ಇನ್ನೊಂದು ಸಂಖ್ಯೆ. ಮುಂದೆ ಯಾರಾದರೂ ಅಂಚಿನ ಪ್ರತಿ ಸಾಲಿಗೂ ಬೇರೆ ಮಟ್ಟ ಕೊಡಬೇಕೆಂದರೆ 2000 ಸಂಖ್ಯೆಯ ಪ್ರತ್ಯೇಕ ಅರೇ ಮಾಡಿ. 8,000 ಬೈಟು, ಎರಡು ಪೇಜ್. ದೊಡ್ಡ ಅರೇಯ ಒಳಗೆ ಕೈ ಹಾಕಬೇಡಿ.

ಆರು ಕಡೆ ನೀರಿನ ಮಟ್ಟವನ್ನು ಪ್ರತಿ ಹೆಜ್ಜೆಗೂ ದಾಖಲಿಸಬೇಕಿತ್ತು. ಹಳೆಯ ಪ್ರೋಗ್ರಾಂನಲ್ಲಿ ಸಿಪಿಯು ಆ ಆರು ಚೌಕಗಳನ್ನು ನೇರವಾಗಿ ಓದುತ್ತಿತ್ತು. ಅದರ ಬದಲು ಆರು ಥ್ರೆಡ್ಡಿನ ಪುಟ್ಟ ಕರ್ನೆಲ್ ಪ್ರತಿ ಹೆಜ್ಜೆಯ ಮಟ್ಟಗಳನ್ನು ಕಾರ್ಡಿನಲ್ಲೇ ಒಂದು ಪಟ್ಟಿಗೆ ಪೋಣಿಸುತ್ತ ಹೋಗುತ್ತದೆ. 1500 ಹೆಜ್ಜೆಗೆ, ಅಂದರೆ ಮಾದರಿಯ ಐದು ನಿಮಿಷಕ್ಕೆ, 36,000 ಬೈಟು ಜಮಾ ಆಗುತ್ತದೆ. ಒಂದೇ ಸಲ ಸಿಪಿಯುಗೆ ತರುವುದು. ತರುವ ಜಾಗ ಕುಡಾ ಮ್ಯಾಲಾಕ್ ಹೋಸ್ಟ್‌ನಿಂದ ಪಡೆದ ಪಿನ್ ಮಾಡಿದ (ರ‍್ಯಾಮಿನಲ್ಲಿ ಕದಲದಂತೆ ಕಟ್ಟಿಹಾಕಿದ) ಮೆಮೊರಿ ಆಗಿರಬೇಕು. ಸಾಧಾರಣ ಮ್ಯಾಲಾಕ್ ಜಾಗ ಕೊಟ್ಟರೆ ಡ್ರೈವರ್ ನಡುವೆ ತನ್ನದೇ ಬಫರ್ ಮೂಲಕ ಸಾಗಿಸುತ್ತದೆ, ಅಸಿಂಕ್ (ಕಾಯಿಸದೆ) ಎಂಬ ಹೆಸರಿದ್ದರೂ ಸಿಪಿಯುವನ್ನು ತಡೆದು ನಿಲ್ಲಿಸುವುದುಂಟು.

ಬಾಗಿಲುಗಳಿಗೂ ಅದೇ ಐದು ನಿಮಿಷದ ಸರದಿ. ಮಾದರಿಯಲ್ಲಿ 40 ಬಾಗಿಲು, ಪ್ರತಿಯೊಂದಕ್ಕೂ ಒಳಗಿನ ಹೊರಗಿನ ಎರಡು ಮಟ್ಟ: 80 ಸಂಖ್ಯೆ, 320 ಬೈಟು. ಗಜನಿ ಬಾಗಿಲನ್ನು ಯಾರೂ 0.2 ಸೆಕೆಂಡಿಗೊಮ್ಮೆ ತೆಗೆದು ಮುಚ್ಚುವುದಿಲ್ಲವಾದ್ದರಿಂದ ಹೆಜ್ಜೆಹೆಜ್ಜೆಗೂ ಸಿಪಿಯು ನೋಡುತ್ತಿದ್ದದ್ದೇ ಅನಗತ್ಯ. ಇಷ್ಟು ಚಿಕ್ಕ ಸರಕಿಗೆ ಮ್ಯಾಪ್ ಮಾಡಿದ ಪಿನ್ ಮೆಮೊರಿ ಹೇಳಿ ಮಾಡಿಸಿದ್ದು: ಜಾಗ ಸಿಪಿಯುನ ರ‍್ಯಾಮಿನಲ್ಲೇ ಇರುತ್ತದೆ, ಜಿಪಿಯು ಬಸ್ ಮೂಲಕ ನೇರ ಬರೆಯುತ್ತದೆ, ಪೇಜ್ ಎಲ್ಲಿಗೂ ಹೊರಡುವುದಿಲ್ಲ. ಎರಡು ಎಚ್ಚರಿಕೆ. ಸಿಪಿಯು ಓದುವ ಮುಂಚೆ ಇವೆಂಟ್ (ಕಾರ್ಡಿನ ಕೆಲಸದ ಸರದಿಯಲ್ಲಿ ಇಡುವ ಗುರುತು) ಹಾಕಿ ಅದು ಮುಗಿಯುವವರೆಗೆ ಕಾಯಿರಿ. ಬಂದಿರಬಹುದು ಎಂದು ಓದಬೇಡಿ. ಮತ್ತೆ, ಪಡೆಯುವಾಗ ರೈಟ್ ಕಂಬೈನ್ಡ್ ಎಂಬ ಆಯ್ಕೆ ಹಾಕಬೇಡಿ. ಅದು ಸಿಪಿಯು ಬರೆದು ಜಿಪಿಯು ಓದುವ ಜಾಗಕ್ಕೆ ಮಾತ್ರ. ಸಿಪಿಯು ಅದನ್ನು ಓದಹೊರಟರೆ ಕ್ಯಾಶ್ (ಚಿಪ್ಪಿನೊಳಗಿನ ವೇಗದ ಪುಟ್ಟ ಮೆಮೊರಿ) ಇಲ್ಲದೆ ತೆವಳುತ್ತದೆ. ಪಿನ್ ಮೆಮೊರಿ ಅಗ್ಗ ಎಂದು 192 ಎಂಬಿಯನ್ನೂ ಅಲ್ಲೇ ಇಡುವವರಿದ್ದಾರೆ. ಆಗ ಪ್ರತಿ ಹೆಜ್ಜೆಯ ಓಡಾಟವೆಲ್ಲ 360 ಜಿಬಿಯ ದಾರಿ ಬಿಟ್ಟು 12 ಜಿಬಿಯ ದಾರಿಯಲ್ಲಿ ಹೋಗುತ್ತದೆ: 16 ಮಿಲಿಸೆಕೆಂಡು.

ಕಾಲು ಗಂಟೆಗೊಮ್ಮೆ ಆಳದ ಇಡೀ ನಕ್ಷೆ ಬೇಕು. ಆಳದ ಅರೇಯನ್ನು ಕಾರ್ಡಿನೊಳಗೇ ಇನ್ನೊಂದು ಅರೇಗೆ ಕಾಪಿ ಮಾಡಿ, ಆ ಕಾಪಿಯನ್ನು ಬೇರೆ ಸ್ಟ್ರೀಮಿನಲ್ಲಿ (ಕಾರ್ಡಿನ ಕೆಲಸದ ಇನ್ನೊಂದು ಸರದಿ) ನಿಧಾನವಾಗಿ ಕೆಳಗಿಳಿಸಿದರೆ ಲೆಕ್ಕ ನಿಲ್ಲದೆ ಓಡುತ್ತದೆ. ಕಾರ್ಡಿನೊಳಗಿನ ಕಾಪಿಗೆ 0.13 ಮಿಲಿಸೆಕೆಂಡು ಅಷ್ಟೇ.

ಇಷ್ಟಾದ ಮೇಲೆ ದೊಡ್ಡ ಅರೇಗಳನ್ನು ಲೂಪಿನೊಳಗೆ ಸಿಪಿಯು ಮುಟ್ಟುವುದೇ ಇಲ್ಲ. ಹಾಗಿದ್ದರೆ ಅವನ್ನು ಮ್ಯಾನೇಜ್ಡ್ ಆಗಿಯೇ ಬಿಡಬೇಕೇ? ಒಮ್ಮೆ ಪ್ರಿಫೆಚ್ ಮಾಡಿ ಕಾರ್ಡಿಗೆ ಏರಿಸಿದರೆ (192 ಎಂಬಿಗೆ 16 ಮಿಲಿಸೆಕೆಂಡು) ಆಮೇಲೆ ವೇಗದಲ್ಲಿ ವ್ಯತ್ಯಾಸವಿಲ್ಲ. ಆದರೂ ಆಳ ಮತ್ತು ಹರಿವಿನ ಆರು ಅರೇಗಳನ್ನು ಸಾಧಾರಣ ಕುಡಾ ಮ್ಯಾಲಾಕ್‌ಗೆ ಬದಲಿಸುವುದೇ ಸರಿ. ನಾಳೆ ಯಾರೋ ಲೂಪಿನೊಳಗೆ ಒಂದು ಪ್ರಿಂಟ್‌ಎಫ್ ಹಾಕಿ ಒಂದು ಚೌಕ ಓದಿದರೆ, ಕುಡಾ ಮ್ಯಾಲಾಕ್ ಜಾಗವಾದರೆ ಸೆಗ್ಮೆಂಟೇಶನ್ ಫಾಲ್ಟ್ ಬಂದು ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಮ್ಯಾನೇಜ್ಡ್ ಆದರೆ ಸದ್ದಿಲ್ಲದೆ ನಿಧಾನವಾಗುತ್ತದೆ, ಕಾರಣ ಹುಡುಕಲು ವಾರ ಹೋಗುತ್ತದೆ. ತಳ ಮತ್ತು ಒರಟುತನ ಮ್ಯಾನೇಜ್ಡ್ ಆಗಿಯೇ ಇರಲಿ. ಫೈಲಿನಿಂದ ಓದುವಾಗ, ಕಟ್ಟೆ ತಿದ್ದುವಾಗ ಅದರಿಂದ ನಿಜಕ್ಕೂ ಅನುಕೂಲ.

ಹೊಸ ಲಿನಕ್ಸಿನಲ್ಲಿ, ಟ್ಯೂರಿಂಗ್ ತಲೆಮಾರಿನ ಅಥವಾ ಅದರಿಂದೀಚಿನ ಕಾರ್ಡು, ಕುಡಾ 12.2 ಅಥವಾ ಅದರ ಮುಂದಿನದು, ಓಪನ್ ಡ್ರೈವರ್ ಇದ್ದರೆ ಬರೀ ಮ್ಯಾಲಾಕ್ ಜಾಗವನ್ನೂ ಜಿಪಿಯು ಮುಟ್ಟಬಲ್ಲದು. ಆಗ ಹಳೆಯ ಪ್ರೋಗ್ರಾಂನಲ್ಲಿ ಮೆಮೊರಿಯ ಒಂದು ಸಾಲೂ ಬದಲಾಗಬೇಕಿಲ್ಲ. ಈ ರೋಗ ಇನ್ನೂ ಸಲೀಸಾಗಿ ಅಂಟಿಕೊಳ್ಳುತ್ತದೆ.

ಬೇರೆ ಯಂತ್ರಗಳಲ್ಲಿ

ತಿದ್ದುವ ಮೊದಲಿನ ಪ್ರೋಗ್ರಾಂ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮೊದಲ ಒಂದೆರಡು ಹೆಜ್ಜೆಯಲ್ಲೇ ಬೀಳುತ್ತದೆ. ಸಿಂಕ್ ಇಲ್ಲದ್ದೇ ಕಾರಣ. ಪೇಜ್ ಫಾಲ್ಟ್ ಮೂಲಕ ಬೇಕಾದಾಗ ಬೇಕಾದ ಪೇಜ್ ಸಾಗಿಸುವ ಶಕ್ತಿ ಕಾರ್ಡುಗಳಿಗೆ 2016 ರ ಪಾಸ್ಕಲ್ ತಲೆಮಾರಿನಿಂದ ಬಂತು, ಅದೂ ಲಿನಕ್ಸಿನಲ್ಲಿ. ವಿಂಡೋಸಿನಲ್ಲಿ ಕಾರ್ಡು ಎಷ್ಟೇ ಹೊಸದಿರಲಿ 2014 ರಲ್ಲಿ ಕುಡಾ 6 ಜೊತೆ ಬಂದ ಹಳೆಯ ಕ್ರಮವೇ: ಕರ್ನೆಲ್ ಶುರುವಾಗುವ ಮುಂಚೆ ಮ್ಯಾನೇಜ್ಡ್ ಸರಕು ಒಟ್ಟಾಗಿ ಕಾರ್ಡಿನ ಕಡೆಗೆ ಹೋಗುತ್ತದೆ, ಕರ್ನೆಲ್ ಓಡುತ್ತಿರುವಷ್ಟು ಹೊತ್ತು ಸಿಪಿಯು ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಆಕ್ಸೆಸ್ ವಯಲೇಶನ್. ಪ್ರೋಗ್ರಾಂ ಶುರುವಿನಲ್ಲೇ ಕಾನ್ಕರೆಂಟ್ ಮ್ಯಾನೇಜ್ಡ್ ಆಕ್ಸೆಸ್ ಎಂಬ ಗುಣ ಕೇಳಿ ನೋಡಿ. ಸೊನ್ನೆ ಬಂದರೆ ಹಳೆಯ ಕ್ರಮ ಎಂದರ್ಥ. ಒಂದು ಲೆಕ್ಕದಲ್ಲಿ ಆ ಲ್ಯಾಪ್‌ಟಾಪೇ ಉಪಕಾರಿ: ಲಿನಕ್ಸ್ ಮುಚ್ಚಿಟ್ಟ ತಪ್ಪನ್ನು ಅದು ಬೀದಿಗೆ ತಂದಿತು.

ದಡದ ಮೇಲೆ ಸೋಲಾರಿನಲ್ಲಿ ಓಡಿಸಲು ಜೆಟ್ಸನ್ ಓರಿನ್ ನ್ಯಾನೊದಂಥ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟರೆ ಕಥೆಯೇ ಬೇರೆ. ಅಲ್ಲಿ ಸಿಪಿಯುಗೂ ಜಿಪಿಯುಗೂ ಇರುವುದು ಒಂದೇ ರ‍್ಯಾಮ್. ದಾಟಲು ಹೊಳೆಯೇ ಇಲ್ಲದ ಮೇಲೆ ಪ್ರಿಫೆಚ್ ಯಾಕೆ. ಕರೆದರೆ ಎರರ್ ಬರುತ್ತದೆ, ಎರರ್ ನೋಡದ ಪ್ರೋಗ್ರಾಂ ಮುಂದೆ ಇನ್ನೆಲ್ಲೋ ಅದನ್ನು ಕಕ್ಕುತ್ತದೆ. ರ‍್ಯಾಮ್ ಒಂದೇ ಎಂದು ಎಲ್ಲವನ್ನೂ ಪಿನ್ ಮೆಮೊರಿಗೆ ಹಾಕುವುದು ಇಲ್ಲಿನ ಸಾಮಾನ್ಯ ತಪ್ಪು. ಪಿನ್ ಜಾಗ ಈ ಜಿಪಿಯುನ ಕ್ಯಾಶಿಗೆ ಬರುವುದಿಲ್ಲ. ಪಕ್ಕದ ಚೌಕಗಳನ್ನು ಮತ್ತೆಮತ್ತೆ ಓದುವ ನಮ್ಮ ಲೆಕ್ಕಕ್ಕೆ ಅದರಿಂದ ಪೆಟ್ಟು. ಮ್ಯಾನೇಜ್ಡ್ ಜಾಗ ಎರಡೂ ಕಡೆ ಕ್ಯಾಶ್ ಆಗುತ್ತದೆ. ಆದ್ದರಿಂದ ಡೆಸ್ಕ್‌ಟಾಪಿಗೆ ಕೊಟ್ಟ ಸಲಹೆ ಇಲ್ಲಿ ತಿರುಗುಮುರುಗು: ದೊಡ್ಡ ಅರೇಗಳಿಗೆ ಮ್ಯಾನೇಜ್ಡ್, ಒಮ್ಮೆ ಬರೆದು ಒಮ್ಮೆ ಓದುವ ಬಾಗಿಲಿನ ಪಟ್ಟಿಗೆ ಪಿನ್. ಇಲ್ಲೂ ಕರ್ನೆಲ್ ಓಡುವಾಗ ಸಿಪಿಯು ಮ್ಯಾನೇಜ್ಡ್ ಜಾಗ ಮುಟ್ಟುವಂತಿಲ್ಲ.

1 ಮೀಟರ್ ಬೇಡಿಕೆ

ವೇಗ ಸಿಕ್ಕಿತು ಎಂದ ಕೂಡಲೇ ಬರುವ ಬೇಡಿಕೆ: ಗಜನಿ ಕಟ್ಟೆ ಎರಡು ಮೂರು ಮೀಟರ್ ಅಗಲ, 5 ಮೀಟರ್ ಚೌಕದಲ್ಲಿ ಕಾಣುವುದೇ ಇಲ್ಲ, 1 ಮೀಟರ್ ಮಾಡಿ. ಮಾಡಿದರೆ 15 ಕೋಟಿ ಚೌಕ, ಎಂಟು ಅರೇಗೆ 4.8 ಜಿಬಿ. 12 ಜಿಬಿ ಕಾರ್ಡಿನಲ್ಲಿ ಹಿಡಿಸುತ್ತದೆ, ಆದರೆ ಚೌಕ ಇಪ್ಪತ್ತೈದು ಪಟ್ಟು, ಹೆಜ್ಜೆ ಐದು ಪಟ್ಟು, ಒಟ್ಟು ಕೆಲಸ ನೂರಿಪ್ಪತ್ತೈದು ಪಟ್ಟು. ಆರು ನಿಮಿಷದ್ದು ಹನ್ನೆರಡೂವರೆ ಗಂಟೆ.

4 ಜಿಬಿ ಕಾರ್ಡಿನಲ್ಲಿ ಹಿಡಿಸುವುದಿಲ್ಲ. ಲಿನಕ್ಸಿನಲ್ಲಿ ಮ್ಯಾನೇಜ್ಡ್ ಮೆಮೊರಿ ಕಾರ್ಡಿಗಿಂತ ದೊಡ್ಡದಿದ್ದರೂ ಓಡುತ್ತದೆ ಎಂಬುದು ನಿಜ. ಹೇಗೆ ಓಡುತ್ತದೆ ನೋಡಿ: ಜಾಗ ತುಂಬಿದಾಗ ಡ್ರೈವರ್ ಬಹಳ ಹೊತ್ತಿನಿಂದ ಬಳಸದ ಪೇಜುಗಳನ್ನು ಹೊರಹಾಕುತ್ತದೆ. ನಮ್ಮ ಲೆಕ್ಕ ಅರೇಯ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗಿ ಮತ್ತೆ ಮೊದಲಿಂದ ಶುರುಮಾಡುವುದರಿಂದ, ಬಹಳ ಹೊತ್ತಿನಿಂದ ಬಳಸದ ಪೇಜ್ ಎಂದರೆ ಮುಂದೆ ಮೊದಲು ಬೇಕಾಗುವ ಪೇಜೇ. ಹೊರಹಾಕಿದ್ದನ್ನೇ ಒಳಗೆಳೆಯುತ್ತ ಹೆಜ್ಜೆಗೆ 4.8 ಜಿಬಿ ಬಸ್ ದಾಟಿದರೆ 0.4 ಸೆಕೆಂಡು. ದಿನಕ್ಕೆ 21,60,000 ಹೆಜ್ಜೆ. ಒಂದು ದಿನದ ಉಬ್ಬರ ತಿಳಿಯಲು ಹತ್ತು ದಿನ.

ಕಟ್ಟೆಯನ್ನು ಚೌಕದೊಳಗೆ ಹುಡುಕುವ ಬದಲು ಎರಡು ಚೌಕದ ನಡುವಿನ ಅಂಚಿಗೆ ಬರೆಯುವುದು ಉತ್ತಮ. ಮೂಡಣ ಅಂಚಿಗೊಂದು, ಬಡಗಣ ಅಂಚಿಗೊಂದು ಎತ್ತರದ ಅರೇ. ನೀರು ಆ ಎತ್ತರ ಮೀರಿದರೆ ಮಾತ್ರ ಪಕ್ಕದ ಚೌಕಕ್ಕೆ ಹರಿಯುತ್ತದೆ. ಕಟ್ಟೆ ಎಷ್ಟೇ ಸಣ್ಣದಿರಲಿ ಅದರ ನೆತ್ತಿಯ ಎತ್ತರ 5 ಮೀಟರ್ ಗ್ರಿಡ್ಡಿನಲ್ಲೇ ಉಳಿಯುತ್ತದೆ. ಎರಡು ಅರೇಗೆ 48 ಎಂಬಿ ಹೆಚ್ಚು, ಎರಡೂ ಓದಲು ಮಾತ್ರ, ತಳದ ಹಾಗೇ ರೀಡ್ ಮೋಸ್ಟ್ಲಿ. ಹೆಜ್ಜೆಯ ಓಡಾಟ 192 ರಿಂದ 240 ಎಂಬಿಗೆ, ಕನಿಷ್ಠ ಕಾಲ 0.53 ರಿಂದ 0.67 ಮಿಲಿಸೆಕೆಂಡಿಗೆ ಏರುತ್ತದೆ.